ಹಳೆಯ ಮೋಟರ್‌ಹೋಮ್ ನೋಡಿ, ಅಂದೇ ಮನೆಗೆ ಓಡಿಸಿಕೊಂಡು ಬರುವುದಾದರೆ ಏನು ತಯಾರಿ ಬೇಕು?

ಹನ್ನೆರಡು ವರ್ಷ ಹಳೆಯ ಮೋಟರ್‌ಹೋಮ್, ಅಂದರೆ ಒಳಗೇ ಹಾಸಿಗೆ, ಅಡುಗೆ ಒಲೆ ಎಲ್ಲ ಇರುವ ಗಾಡಿ, ನೋಡಲು ಗಂಡ ಹೆಂಡತಿ ಇಬ್ಬರೂ ಹೊರಟಿದ್ದೀರಿ. ಒಪ್ಪಿಗೆಯಾದರೆ ಅವತ್ತೇ ಸುಮಾರು 400 ಕಿಲೋಮೀಟರ್ ಓಡಿಸಿಕೊಂಡು ಬರಬೇಕು, ಇಷ್ಟು ದೊಡ್ಡ ಗಾಡಿ ಹಿಂದೆ ಓಡಿಸಿಲ್ಲ, ಏನು ಒಯ್ಯಬೇಕು, ಏನು ನೋಡಬೇಕು ಅಂತ ಕೇಳಿದ್ದೀರಿ. ಸಾಧ್ಯವಿದ್ದರೆ ನೋಡುವುದನ್ನೂ ತರುವುದನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ತರಲೇಬೇಕು ಅಂತ ಹೊರಟವರ ಕಣ್ಣಿಗೆ ದೋಷ ಕಾಣುವುದಿಲ್ಲ, ಕಂಡರೂ ‘ಪರವಾಗಿಲ್ಲ, ಮಾಡಿಸಿಕೊಳ್ಳಬಹುದು’ ಅನ್ನಿಸಿಬಿಡುತ್ತದೆ. ಒಂದೇ ದಿನ ಆಗಲೇಬೇಕೆಂದರೆ ಬೆಳಗ್ಗೆ ಬೇಗ ತಲುಪಿ, ದಾರಿ ಮಧ್ಯೆ ರಾತ್ರಿ ತಂಗಲು ಒಂದು ಜಾಗ ಮೊದಲೇ ನೋಡಿಟ್ಟುಕೊಳ್ಳಿ. ಬರಿಗೈಯಲ್ಲಿ ವಾಪಸ್ ಬರುವುದಕ್ಕೂ ಟಿಕೆಟ್ ಇರಲಿ. ಆ ಟಿಕೆಟ್ ಜೇಬಿನಲ್ಲಿದ್ದರೆ ‘ಬೇಡ’ ಅನ್ನುವುದು ಎಷ್ಟೋ ಸುಲಭ.

ಕೆಲಸ ಶುರುವಾಗುವುದು ಹಿಂದಿನ ದಿನದ ಫೋನಿನಲ್ಲಿ. ಮಾರುವವರಿಗೆ ಹೀಗೆ ಹೇಳಿ: ನಾವು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಫ್ರಿಜ್ಜನ್ನು ಹಿಂದಿನ ರಾತ್ರಿಯೇ ಕರೆಂಟಿಗೆ ಹಾಕಿಡಿ. ನೀರಿನ ಟ್ಯಾಂಕಿನಲ್ಲಿ ಅರ್ಧದಷ್ಟಾದರೂ ನೀರಿರಲಿ, ಸಿಲಿಂಡರಿನಲ್ಲಿ ಗ್ಯಾಸ್ ಇರಲಿ. ಎಲ್ಲವನ್ನೂ ನಮ್ಮೆದುರು ಹಾಕಿ ತೋರಿಸಬೇಕು. ‘ಹೀಟರ್ ಚೆನ್ನಾಗೇ ಇದೆ, ಈಗ ಗ್ಯಾಸ್ ಖಾಲಿ ಅಷ್ಟೆ’ ಎಂಬ ಉತ್ತರ ಬಂದರೆ, ಆ ಹೀಟರ್ ಕೆಟ್ಟಿದೆ ಅಂತಲೇ ಲೆಕ್ಕ ಹಾಕಿ ಬೆಲೆ ಮಾತಾಡಿ. ಅದೇ ಫೋನಿನಲ್ಲಿ ಗಾಡಿಯ ಒಟ್ಟು ಅನುಮತಿ ತೂಕ (ಗಾಡಿ, ಜನ, ಸಾಮಾನು ಎಲ್ಲ ಸೇರಿ ಇರಬಹುದಾದ ಗರಿಷ್ಠ ತೂಕ) ಎಷ್ಟು ಅಂತ ಕೇಳಿ, ನಿಮ್ಮ ಲೈಸೆನ್ಸ್ ಅದಕ್ಕೆ ಸಾಲುತ್ತದೆಯೇ ನೋಡಿಕೊಳ್ಳಿ. ಉದಾಹರಣೆಗೆ ಯುರೋಪಿನ ಸಾಮಾನ್ಯ ಕಾರ್ ಲೈಸೆನ್ಸಿನ ಮಿತಿ ಬಹುಕಾಲದಿಂದ 3,500 ಕಿಲೋ. ಕೆಲವು ಗಾಡಿಗಳು ಅದನ್ನು ಮೀರುತ್ತವೆ. ಇನ್ನು ಕೆಲವು ಸರಿಯಾಗಿ 3,500ಕ್ಕೇ ನೋಂದಣಿಯಾಗಿದ್ದು, ಒಳಗೆ ನಾಲ್ಕು ಜನ ಮತ್ತು ಸಾಮಾನು ಹಾಕಿದರೆ ಮಿತಿ ದಾಟಿಬಿಡುತ್ತವೆ.

ಒಯ್ಯಬೇಕಾದದ್ದು ಹೆಚ್ಚೇನಿಲ್ಲ. ಒಳ್ಳೆಯ ಬೆಳಕಿನ ಟಾರ್ಚ್, ತೇವ ಅಳೆಯುವ ಮೀಟರ್, ಬ್ಯಾಟರಿಯ ವೋಲ್ಟ್ ಅಳೆಯಲು ಸಾದಾ ಮಲ್ಟಿಮೀಟರ್, ಟೈರ್ ಗಾಳಿ ನೋಡುವ ಗೇಜ್, ಅಳತೆ ಟೇಪು, ಸಣ್ಣ ಬಾಟಲಿಯಲ್ಲಿ ಸೋಪಿನ ನೀರು, ಗಾಡಿಯ ಅಡಿ ಮಲಗಲು ಒಂದು ಹಳೆಯ ಚಾಪೆ, ಮಣ್ಣಾದರೆ ಬೇಸರವಿಲ್ಲದ ಬಟ್ಟೆ. ಮಾರುವವರು ಏಣಿ ಕೊಡುತ್ತಾರಾ ಕೇಳಿ, ಸೂರು ನೋಡದೆ ಬರಬಾರದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೋಟರ್‌ಹೋಮನ್ನು ಕೊಲ್ಲುವುದು ಎಂಜಿನ್ ಅಲ್ಲ, ನೀರು. ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಎಲ್ಲಕ್ಕೂ ಬಿಡಿಭಾಗ ಸಿಗುತ್ತದೆ, ರಿಪೇರಿ ಮಾಡುವವರೂ ಸಿಗುತ್ತಾರೆ, ಯಾಕೆಂದರೆ ಕೆಳಗಿರುವುದು ಫಿಯೆಟ್ ಡುಕಾಟೊ, ಫೋರ್ಡ್ ಟ್ರಾನ್ಸಿಟ್, ಮರ್ಸಿಡಿಸ್ ಸ್ಪ್ರಿಂಟರ್ ಥರದ ಸರಕು ವ್ಯಾನು. ಮೇಲಿನ ಮನೆ ಹಾಗಲ್ಲ. ಹಳೆಯ ಗಾಡಿಗಳಲ್ಲಿ ಬಹುಪಾಲು ಗೋಡೆ ಅಂದರೆ ಹೊರಗೆ ತೆಳು ಅಲ್ಯುಮಿನಿಯಂ ಅಥವಾ ಫೈಬರ್ ಹಾಳೆ, ಒಳಗೆ ಪ್ಲೈವುಡ್, ನಡುವೆ ಫೋಮು ಮತ್ತು ಮರದ ಪಟ್ಟಿ. ಕಿಟಕಿಯ ಸುತ್ತ, ಸೂರಿನ ಕಿಂಡಿಯ ಸುತ್ತ, ಮೂಲೆಯ ಪಟ್ಟಿಗಳ ಕೆಳಗೆ ಹಚ್ಚಿದ ಸೀಲೆಂಟು (ನೀರು ತಡೆಯುವ ಅಂಟು) ವರ್ಷ ಕಳೆದಂತೆ ಒಣಗಿ ಬಿರಿಯುತ್ತದೆ. ಅಲ್ಲಿಂದ ಒಳಹೊಕ್ಕ ನೀರು ಮರದಲ್ಲಿ ಕೂತು ವರ್ಷಗಟ್ಟಲೆ ಯಾರಿಗೂ ಕಾಣದಂತೆ ಅದನ್ನು ಲಡ್ಡು ಮಾಡುತ್ತದೆ. ಒಳಗೆ ಕಲೆ ಕಾಣುವ ಹೊತ್ತಿಗೆ ಚೌಕಟ್ಟು ಹೋಗಿರುತ್ತದೆ. ಅದನ್ನು ಬಿಚ್ಚಿ ಕಟ್ಟಿಸುವ ಖರ್ಚು ಎಷ್ಟೋ ಸಲ ಗಾಡಿಯ ಬೆಲೆಗೇ ಸಮ.

ಹಾಗಾಗಿ ಬಾಗಿಲು ತೆಗೆದ ಕೂಡಲೇ ಒಳಗೆ ನಿಂತು ಮೊದಲು ಉಸಿರೆಳೆದುಕೊಳ್ಳಿ. ಮುಗ್ಗಲು ವಾಸನೆ ಬಂದರೆ ಎಚ್ಚರ. ಸುಗಂಧದ ಸ್ಪ್ರೇ ಘಮ್ಮೆಂದರೆ ಇನ್ನೂ ಎಚ್ಚರ. ಆಮೇಲೆ ಹಾಸಿಗೆ, ಕುಶನ್ನು ಎಲ್ಲ ಎತ್ತಿ, ಕಪಾಟುಗಳ ಒಳಮೂಲೆಗೆ ಟಾರ್ಚ್ ಬಿಡಿ. ಡ್ರೈವರ್ ತಲೆಯ ಮೇಲೆ ಮುಂದಕ್ಕೆ ಚಾಚಿದ ಹಾಸಿಗೆ ಇರುವ ಗಾಡಿಯಾದರೆ ಅದರ ಮುಂದಿನ ಎರಡು ಮೂಲೆಗಳೇ ಮೊದಲು ನೋಡಬೇಕಾದ ಜಾಗ. ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಒಂದೊಂದೇ ಗೇಣು ಸರಿಸುತ್ತ ಹೋಗಿ. ಒಳ್ಳೆಯ ಗೋಡೆ ಬೆರಳಿಗೆ ಎದುರು ನಿಲ್ಲುತ್ತದೆ. ಲಡ್ಡಾದ ಗೋಡೆ ನೆನೆದ ರಟ್ಟಿನ ಹಾಗೆ ಸ್ವಲ್ಪ ತಗ್ಗುತ್ತದೆ, ಒಂದೊಂದು ಸಲ ಕರಕರ ಅನ್ನುತ್ತದೆ. ಸ್ನೇಹಿತರೊಬ್ಬರ ಜೊತೆ ನೋಡಲು ಹೋಗಿದ್ದ ಒಂದು ಗಾಡಿಯ ಸೀಟುಗಳಿಗೆಲ್ಲ ಹೊಚ್ಚಹೊಸ ಬಟ್ಟೆ, ಹಿಂದಿನ ಕಿಟಕಿಯ ಕೆಳಗೆ ಹೂವಿನ ಚಿತ್ರದ ದೊಡ್ಡ ಸ್ಟಿಕ್ಕರ್. ಸ್ಟಿಕ್ಕರ್ ಅಂಚಿನಲ್ಲಿ ಬೆರಳೊತ್ತಿದರೆ ಗೋಡೆಯೇ ಒಳಕ್ಕೆ ಹೋಯಿತು. ಹೊರಗಿನಿಂದ ಗಾಡಿ ಫಳಫಳ ಹೊಳೆಯುತ್ತಿತ್ತು. ಅಲ್ಲಿಂದಲೇ ನಮಸ್ಕಾರ ಹೇಳಿ ಬಂದೆವು.

ತೇವದ ಮೀಟರ್ ಹಿಡಿಯುವಾಗ ಮಾರುವವರ ಅನುಮತಿ ಕೇಳಿ, ಚುಚ್ಚುವ ಮೊನೆಯಿರುವ ಮೀಟರ್ ಗೋಡೆಯಲ್ಲಿ ಸಣ್ಣ ತೂತು ಮಾಡುತ್ತದೆ. ಸ್ಥೂಲವಾಗಿ ಶೇ. 15ರೊಳಗೆ ಇದ್ದರೆ ಚಿಂತೆಯಿಲ್ಲ. 15ರಿಂದ 20 ಇದ್ದರೆ ಕಣ್ಣಿಟ್ಟಿರಬೇಕು. 20 ದಾಟಿದರೆ ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. 30ರ ಆಚೆ ಅಂದರೆ ಮರ ಹಾಳಾಗುತ್ತಿದೆ ಅಂತಲೇ ತಿಳಿಯಿರಿ. ಒಂದು ಜಾಗದ ಅಂಕಿಗಿಂತ ಅಕ್ಕಪಕ್ಕದ ಜಾಗಗಳ ನಡುವಿನ ವ್ಯತ್ಯಾಸ ಹೆಚ್ಚು ಹೇಳುತ್ತದೆ. ಗೋಡೆಯೆಲ್ಲ 12 ತೋರಿಸಿ ಕಿಟಕಿಯ ಕೆಳಮೂಲೆ ಮಾತ್ರ 24 ತೋರಿಸಿದರೆ ಕಥೆ ಅಲ್ಲೇ ಇದೆ. ಹತ್ತಿರದಲ್ಲಿ ಲೋಹ ಇದ್ದರೆ ಮೀಟರ್ ಸುಳ್ಳೇ ಹೆಚ್ಚು ತೋರಿಸಬಹುದು, ಅದಕ್ಕೇ ಬೆರಳನ್ನೂ ಮೂಗನ್ನೂ ಬಿಡಬಾರದು. ನೆಲದ ಮೇಲೆ ಬರಿಗಾಲಲ್ಲಿ ನಡೆಯಿರಿ. ಬಾಗಿಲ ಬಳಿ, ಶವರ್ ಮುಂದೆ ಮೆತ್ತಗೆ ಕುಗ್ಗುತ್ತದಾ ನೋಡಿ. ಗೋಡೆಯೇ ಹೊರಕ್ಕೆ ಸರಿದು ಕೋಣೆ ಅಗಲವಾಗುವ ಗಾಡಿಗಳಲ್ಲಿ, ಆ ಸರಿಯುವ ಭಾಗದ ನೆಲದ ಮೂಲೆಗಳನ್ನೂ ಒತ್ತಬೇಕು. ಹೊರಗೆ ನಿಂತು ಗೋಡೆಯನ್ನು ಓರೆಯಾಗಿ ನೋಡಿದರೆ ಉಬ್ಬು ಕಾಣುತ್ತದೆ, ಅಂದರೆ ಪದರಗಳು ಬಿಟ್ಟುಕೊಂಡಿವೆ. ಸೂರಿನ ಮೇಲೆ ಹಳೆಯ ಸೀಲೆಂಟಿನ ಮೇಲೆಯೇ ಸಿಲಿಕೋನ್ ಬಳಿದಿದ್ದರೆ ಅದು ರಿಪೇರಿಯಲ್ಲ. ಅದರ ಮೇಲೆ ಮುಂದೆ ಬೇರೆ ಸೀಲೆಂಟು ಸರಿಯಾಗಿ ಹಿಡಿಯುವುದೂ ಇಲ್ಲ. ಮಳೆ ಬಂದ ಮಾರನೇ ದಿನ ನೋಡಲು ಸಿಕ್ಕರೆ ಅದೇ ನಿಮ್ಮ ಅದೃಷ್ಟ.

ಇಲ್ಲಿ ಪಾಸಾದರೆ ಮಾತ್ರ ಮುಂದಕ್ಕೆ ಹೋಗಿ.

ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಹೋಗಿ ಕೂರುತ್ತದೆ. ಅದಕ್ಕೇ ಸಿಲಿಂಡರ್ ಗೂಡಿನ ತಳದಲ್ಲಿ, ನೆಲದಲ್ಲಿ ತೂತುಗಳನ್ನು ಬಿಟ್ಟಿರುತ್ತಾರೆ. ಚಳಿ ಬರುತ್ತದೆ ಅಂತ ಅವನ್ನು ಮುಚ್ಚಿದವರ ಗಾಡಿಯಾದರೆ ಉಳಿದದ್ದನ್ನೂ ಅನುಮಾನದಿಂದಲೇ ನೋಡಿ. ರಬ್ಬರ್ ಪೈಪಿನ ಮೇಲೆ ತಯಾರಾದ ದಿನಾಂಕ ಇರುತ್ತದೆ. ಹಳೆಯದಾಗಿದ್ದರೆ ಬದಲಿಸುವುದೇ ಸರಿ. ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಿ. ಬರ್ನರ್ ಹೊತ್ತಿಸಿ ಊದಿ ಆರಿಸಿದರೆ ಸುಮಾರು ಒಂದು ನಿಮಿಷದೊಳಗೆ ಗ್ಯಾಸ್ ತಾನಾಗಿ ನಿಲ್ಲಬೇಕು. ಕಾರ್ಬನ್ ಮಾನಾಕ್ಸೈಡ್ (ಉರಿಯಿಂದ ಹುಟ್ಟುವ, ವಾಸನೆಯಿಲ್ಲದ ವಿಷಾನಿಲ) ಅಲಾರಂ ಇಲ್ಲದಿದ್ದರೆ, ಅಥವಾ ಅದರ ಅವಧಿ ಮುಗಿದಿದ್ದರೆ, ಹೊಸದು ಹಾಕುವ ತನಕ ಒಳಗೆ ಹೀಟರ್ ಹಾಕಿ ಮಲಗಬೇಡಿ. ದಾರಿಯಲ್ಲಿ ತಂಗುವ ಆ ಮೊದಲ ರಾತ್ರಿಗೂ ಇದು ಅನ್ವಯಿಸುತ್ತದೆ.

ಫ್ರಿಜ್ಜು ಸಾಮಾನ್ಯವಾಗಿ ಮೂರು ಥರದಲ್ಲಿ ನಡೆಯುತ್ತದೆ: ಕರೆಂಟು, ಗ್ಯಾಸು, ಎಂಜಿನ್ ಓಡುವಾಗ 12 ವೋಲ್ಟ್. ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಅದಕ್ಕೇ ಹಿಂದಿನ ರಾತ್ರಿ ಹಾಕಿಡಲು ಹೇಳಿದ್ದು. ಅಮೋನಿಯಾ ವಾಸನೆ ಬಂದರೆ ಅದರ ಕೂಲಿಂಗ್ ಯೂನಿಟ್ ಸೋರುತ್ತಿದೆ. ಒಳಗಿನ ದೀಪ, ಪಂಪಿಗೆಂದು ಇರುವ ಬ್ಯಾಟರಿಯನ್ನು ಚಾರ್ಜಿನಿಂದ ಬಿಡಿಸಿ ಸ್ವಲ್ಪ ಹೊತ್ತು ಬಿಟ್ಟು ಅಳೆದರೆ, ಲೆಡ್ ಆಸಿಡ್ ಆದಲ್ಲಿ 12.7 ವೋಲ್ಟ್ ಅಂದರೆ ತುಂಬಿದೆ, 12.2 ಅಂದರೆ ಅರ್ಧ. ಎಲ್ಲ ನಲ್ಲಿ ಮುಚ್ಚಿ ಸುಮ್ಮನೆ ಕೂತು ಕೇಳಿ. ನೀರಿನ ಪಂಪು ಆಗಾಗ ತಾನಾಗೇ ‘ಗುರ್’ ಅಂದರೆ ಎಲ್ಲೋ ಸೋರಿಕೆ ಇದೆ.

ಎಂಜಿನ್ ವಿಷಯಕ್ಕೆ ಬಂದರೆ, ತಲುಪಿದ ಕೂಡಲೇ ಬಾನೆಟ್ ಮೇಲೆ ಕೈಯಿಡಿ, ತಣ್ಣಗಿರಬೇಕು. ತಣ್ಣನೆ ಎಂಜಿನ್ ಸ್ಟಾರ್ಟ್ ಆಗುವ ರೀತಿಯೇ ಅರ್ಧ ವಿಷಯ ಹೇಳುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಉರಿಯುವ ಜಾಗಕ್ಕೆ ಒಳಹೋಗುತ್ತಿರಬಹುದು. ಟೈಮಿಂಗ್ ಬೆಲ್ಟ್ (ಎಂಜಿನ್ ಭಾಗಗಳನ್ನು ತಾಳ ತಪ್ಪದೆ ಓಡಿಸುವ ರಬ್ಬರ್ ಪಟ್ಟಿ) ಇರುವ ಎಂಜಿನ್ನಾದರೆ ಅದನ್ನು ಯಾವಾಗ ಬದಲಿಸಿದ್ದಾರೆ ಅನ್ನುವುದಕ್ಕೆ ಬಿಲ್ ಕೇಳಿ. ಬೆಲ್ಟಿಗೆ ಕಿಲೋಮೀಟರ್ ಲೆಕ್ಕವೂ ಇದೆ, ವರ್ಷದ ಲೆಕ್ಕವೂ ಇದೆ. ‘ಬರೀ 30,000 ಓಡಿದೆ’ ಅಂತ ಹೆಮ್ಮೆಯಿಂದ ಹೇಳುತ್ತಾರೆ. ನಾನು ಅದನ್ನು ಹೆಮ್ಮೆಯ ವಿಷಯ ಅಂತ ಒಪ್ಪುವುದಿಲ್ಲ. ನಿಂತೇ ಇದ್ದ ಗಾಡಿಯಲ್ಲಿ ಬ್ರೇಕ್ ಹಿಡಿದುಕೊಳ್ಳುತ್ತದೆ, ರಬ್ಬರ್ ಸೀಲುಗಳು ಒಣಗುತ್ತವೆ, ಇಲಿ ವೈರು ಕಡಿದಿರುತ್ತದೆ.

ಟೈರಿನ ಬಗ್ಗೆ ನಾನು ತುಂಬ ಕಟ್ಟುನಿಟ್ಟು. ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಹುಡುಕಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮೋಟರ್‌ಹೋಮಿನ ಟೈರು ಸವೆದು ಹಾಳಾಗುವುದಕ್ಕಿಂತ ಮೊದಲು ಮುದಿಯಾಗಿ ಹಾಳಾಗುತ್ತದೆ. ಟೈರಿನ ಮೇಲಿನ ಗೀರುಗಳು ಆಳವಾಗಿ ಹೊಸದರಂತೆ ಕಂಡರೂ ಆರೇಳು ವರ್ಷ ದಾಟಿದ್ದರೆ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕಿದ್ದರೆ, ಅದರ ಮೇಲೆ 400 ಕಿಲೋಮೀಟರ್ ಬರಬೇಡಿ. ಅಲ್ಲೇ ಹತ್ತಿರದಲ್ಲಿ ಬದಲಿಸಿಕೊಂಡೇ ಹೊರಡಿ. ಗಾಳಿ ಎಷ್ಟಿರಬೇಕು ಅಂತ ಬಾಗಿಲ ಕಂಬದ ಪಟ್ಟಿಯಲ್ಲಿ ಬರೆದಿರುತ್ತದೆ. ಹಿಂದಿನ ಟೈರಿಗೆ 5 ಬಾರ್ (ಗಾಳಿಯ ಒತ್ತಡದ ಅಳತೆ) ಮೀರಿಯೂ ಬೇಕಾಗಬಹುದು, ಕಾರಿನ ಅಂದಾಜಿನಲ್ಲಿ ತುಂಬಿಸಬೇಡಿ. ಎಷ್ಟೋ ಗಾಡಿಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ಮೊದಲೇ ತಿಳಿದಿರಲಿ.

ಕಾಗದಪತ್ರದಲ್ಲಿ ಚಾಸಿ ನಂಬರ್ ತಾಳೆಯಾಗಬೇಕು, ಗಾಡಿಯ ಮೇಲೆ ಸಾಲ ಇರಬಾರದು, ಎಲ್ಲ ಬೀಗದ ಕೈಗಳೂ ಸಿಗಬೇಕು. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಆ ಗಂಟೆಯಿಂದಲೇ ಚಾಲ್ತಿಯಾಗಬೇಕು. ದಾರಿಯಲ್ಲಿ ಕೆಟ್ಟರೆ ಎತ್ತಿಕೊಂಡು ಹೋಗುವ ಸೇವೆ ಈ ಉದ್ದ, ಈ ತೂಕದ ಗಾಡಿಗೆ ಒಪ್ಪುತ್ತದಾ ಅಂತಲೂ ಕೇಳಿ, ಕೆಲವದಕ್ಕೆ ಮಿತಿ ಇರುತ್ತದೆ.

ಇನ್ನು ಓಡಿಸುವುದು. ಹೊರಡುವ ಮೊದಲು ಸಿಲಿಂಡರ್ ಬಂದ್ ಮಾಡಿ, ಸೂರಿನ ಕಿಂಡಿ ಮುಚ್ಚಿ, ಆಂಟೆನಾ ಇಳಿಸಿ, ಮೆಟ್ಟಿಲು ಒಳಗೆಳೆದುಕೊಳ್ಳಿ. ಕರೆಂಟಿನ ಕೇಬಲ್ ಕಿತ್ತಿದ್ದೀರಾ, ಫ್ರಿಜ್ ಬಾಗಿಲಿನ ಚಿಲಕ ಹಾಕಿದ್ದೀರಾ ನೋಡಿ. ನೀರಿನ ಟ್ಯಾಂಕ್ ಬಹುಪಾಲು ಖಾಲಿ ಮಾಡಿ, 100 ಲೀಟರ್ ಅಂದರೆ 100 ಕಿಲೋ. ಒಬ್ಬರು ಓದಿ ಹೇಳುವುದು, ಇನ್ನೊಬ್ಬರು ಸುತ್ತು ಹಾಕಿ ಮುಟ್ಟಿ ನೋಡುವುದು ಮಾಡಿದರೆ ಒಂದೂ ತಪ್ಪುವುದಿಲ್ಲ. ಟೇಪು ಹಿಡಿದು ನೆಲದಿಂದ ಸೂರಿನ ಅತಿ ಎತ್ತರದ ವಸ್ತುವಿನ ತನಕ ಅಳೆದು, ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಎದುರಿಗೆ ಅಂಟಿಸಿ. ಕಾಗದದಲ್ಲಿರುವ ಎತ್ತರವನ್ನು ನಂಬಬೇಡಿ, ಆಮೇಲೆ ಯಾರೋ ಮೇಲೆ ಏಸಿ ಕೂರಿಸಿರುತ್ತಾರೆ. ಡೀಸೆಲ್ ಹಾಕಿಸುವಾಗ ನೀವೇ ಇಳಿದು ನಿಂತು ಮುಚ್ಚಳ ತೋರಿಸಿ, ನೀರಿನ ಬಾಯಿ ಪಕ್ಕದಲ್ಲೇ ಅದೇ ರೀತಿ ಇರಬಹುದು.

ಖಾಲಿ ಬಯಲಿನಲ್ಲಿ ಮೊದಲು ಅರ್ಧ ಗಂಟೆ ತಿರುಗಿಸಿ. ಹಿಂದಿನ ಚಕ್ರದಿಂದ ಆಚೆಗೆ ದೇಹ ತುಂಬ ಉದ್ದ ಇರುವುದರಿಂದ ನೀವು ಎಡಕ್ಕೆ ತಿರುಗಿಸಿದರೆ ಬಾಲ ಬಲಕ್ಕೆ ಬೀಸುತ್ತದೆ. ಇದನ್ನು ಕನ್ನಡಿಯಲ್ಲಿ ಕಣ್ಣಾರೆ ನೋಡಿಕೊಂಡರೆ ಪಾರ್ಕಿಂಗಿನಲ್ಲಿ ಕಂಬಕ್ಕೆ ತಾಗುವುದು ತಪ್ಪುತ್ತದೆ. ಹಿಂದಕ್ಕೆ ಬರುವಾಗ ಯಾವಾಗಲೂ ಒಬ್ಬರು ಕೆಳಗಿಳಿದು, ನಿಮ್ಮ ಕನ್ನಡಿಯಲ್ಲಿ ಕಾಣುವಂತೆ ನಿಂತಿರಲಿ. ಹೆದ್ದಾರಿಯಲ್ಲಿ ದೊಡ್ಡ ಲಾರಿ ಪಕ್ಕದಿಂದ ದಾಟಿದಾಗ ಗಾಡಿ ಮೊದಲು ಆಚೆಗೆ ತಳ್ಳಿಸಿಕೊಳ್ಳುತ್ತದೆ, ಆಮೇಲೆ ಲಾರಿಯ ಕಡೆಗೆ ಸೆಳೆದುಕೊಳ್ಳುತ್ತದೆ. ಗಾಬರಿಯಾಗಿ ಸ್ಟಿಯರಿಂಗ್ ತಿರುಗಿಸಬೇಡಿ, ವೇಗ ಇಳಿಸಿ ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು. ಇಳಿಜಾರಿನಲ್ಲಿ ಬ್ರೇಕ್ ಒತ್ತಿಹಿಡಿದು ಬರಬೇಡಿ, ಗೇರ್ ಇಳಿಸಿ. ಹಳೆಯ ಬ್ರೇಕ್ ಆಯಿಲ್ ತೇವ ಹೀರಿಕೊಂಡಿರುತ್ತದೆ, ಬಿಸಿಯಾದರೆ ಅದು ಕೈಕೊಡುತ್ತದೆ.

ಮೊದಲ ನಿಲುಗಡೆ 20 ಕಿಲೋಮೀಟರಿನೊಳಗೆ ಇರಲಿ. ಇಳಿದು ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ, ಕಾವು ಮಾತ್ರ ನೋಡಿ. ಮೂರು ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ ಅಥವಾ ಬೇರಿಂಗ್ ಹೋಗುತ್ತಿದೆ. ಆ ಸ್ಥಿತಿಯಲ್ಲಿ ಮುಂದೆ ಹೋಗುವ ಪ್ರಶ್ನೆಯೇ ಇಲ್ಲ. ಗಾಡಿಯ ಅಡಿ ಬಗ್ಗಿ ಹನಿ ಬೀಳುತ್ತಿದೆಯಾ, ಸೂರಿನ ಕಿಂಡಿ ಮುಚ್ಚಿಯೇ ಇದೆಯಾ ನೋಡಿ. ಚಕ್ರ ಬಿಚ್ಚಿ ಹಾಕಿಸಿದ್ದರೆ ನಟ್ಟು ಮತ್ತೆ ಬಿಗಿಮಾಡಿ. ಇಷ್ಟು ಬೇಗ ನಿಲ್ಲಲು ಇನ್ನೊಂದು ಕಾರಣ ಇದೆ. ಏನಾದರೂ ಆಗಿದ್ದರೆ ಮಾರಿದವರ ಮನೆ ಇನ್ನೂ ಹತ್ತಿರದಲ್ಲೇ ಇರುತ್ತದೆ. ಆಮೇಲೆ ಒಂದೊಂದು ಗಂಟೆಗೊಮ್ಮೆ ನಿಲ್ಲಿ, ಕತ್ತಲಾಗುವ ಮುಂಚೆ ತಂಗುವ ಜಾಗ ಸೇರಿ.

ಮನೆ ತಲುಪಿದ ವಾರದಲ್ಲೇ ಎಂಜಿನ್ ಆಯಿಲ್, ಫಿಲ್ಟರುಗಳು, ಬ್ರೇಕ್ ಆಯಿಲ್ ಬದಲಿಸಿ. ಟೈಮಿಂಗ್ ಬೆಲ್ಟಿಗೆ ಬಿಲ್ ಸಿಗದಿದ್ದರೆ ಅದನ್ನೂ ಬದಲಿಸಿಬಿಡಿ. ಈ ಖರ್ಚನ್ನು ಗಾಡಿಯ ಬೆಲೆಯ ಜೊತೆಗೇ ಸೇರಿಸಿ ಲೆಕ್ಕ ಹಾಕಿಕೊಂಡು ಮಾತಿಗೆ ಕೂರಿ. ಹೊರಡುವ ಮುಂಚೆ ಗಾಡಿಯ ಮಾಡೆಲ್, ವರ್ಷ ಕಾಮೆಂಟಿನಲ್ಲಿ ಹಾಕಿದರೆ, ಆ ಮಾದರಿಯಲ್ಲಿ ನೀರು ಸಾಮಾನ್ಯವಾಗಿ ಎಲ್ಲಿಂದ ಒಳಬರುತ್ತದೆ ಅಂತ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.