ಮೂಟೆ ಇಳಿಸುವ ವಿದ್ಯೆ

"ನೀನು ಮೂಟೆ ಹೊರಬಾರದೆಂದೇ ನಾನು ಹೊತ್ತೆ. ಈಗ ನೀನು ತಿಂಗಳು ತಿಂಗಳು ದುಡ್ಡು ಕಟ್ಟಿ ಹೊರುತ್ತೀಯಲ್ಲಮ್ಮ!" ಅಪ್ಪ ಹೀಗೆ ಹೇಳಿ ನಗುತ್ತಾರೆ ಎಂದು, ನನ್ನ ಬಳಿ ಆಪ್ತಸಲಹೆಗೆ ಬಂದ ಮೊದಲ ದಿನವೇ ಆಕೆ ಹೇಳಿದಳು. ಹೇಳುವಾಗ ತಾನೂ ನಕ್ಕಳು. ವಯಸ್ಸು 27, ತುಮಕೂರಿನಲ್ಲೇ ಹುಟ್ಟಿ ಬೆಳೆದವಳು, ಹಣಕಾಸು ಸಂಸ್ಥೆಯೊಂದರಲ್ಲಿ ನೌಕರಿ. ತಂದೆ ಮಂಡಿಪೇಟೆಯಲ್ಲಿ ಹಮಾಲಿಯಾಗಿದ್ದು ಈಗ ಮನೆಯಲ್ಲಿದ್ದಾರೆ. (ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಬರೆದದ್ದನ್ನು ಆಕೆ ಓದಿ ಒಪ್ಪಿದ್ದಾಳೆ. "ನನ್ನನ್ನು ನೀವು ಅನ್ನಬೇಡಿ ಮೇಡಂ" ಎಂದು ಹಟ ಹಿಡಿದದ್ದರಿಂದ ಇಲ್ಲಿಯೂ ಏಕವಚನ.)

ತನ್ನ ತೊಂದರೆ ಆಪ್ತಸಲಹೆಗೆ ಬರುವಷ್ಟು ದೊಡ್ಡದೇ ಎಂಬ ಅನುಮಾನ ಆಕೆಗೇ ಇತ್ತು. ಜಿಮ್‌ನಲ್ಲಿ ಹೆಗಲ ಮೇಲೆ ಬಾರ್ (ಭಾರದ ಪ್ಲೇಟು ಸಿಕ್ಕಿಸುವ ಕಬ್ಬಿಣದ ಸರಳು) ಇಟ್ಟುಕೊಂಡು ಸ್ಕ್ವಾಟ್, ಅಂದರೆ ಬಸ್ಕಿಯ ಹಾಗೆ ಕೂತು ಏಳುವುದು, ಮಾಡುವಾಗ ಅರ್ಧಕ್ಕೆ ಇಳಿದು ನಿಂತುಬಿಡುತ್ತಾಳೆ. ಕೋಚ್ "ಇನ್ನೂ ಕೆಳಗೆ, ಇನ್ನೂ ಕೆಳಗೆ" ಎನ್ನುತ್ತಾರೆ, ತಾನು ಇಳಿದಿದ್ದೇನೆ ಎಂದೇ ಆಕೆಗೆ ಅನ್ನಿಸುತ್ತದೆ, ವಿಡಿಯೊ ನೋಡಿದರೆ ಇಳಿದಿಲ್ಲ. 57 ಕೆ.ಜಿ. ದೇಹತೂಕದ ವಿಭಾಗದಲ್ಲಿ ಭಾರ ಎತ್ತುವ ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಹೆಸರು ಕೊಡುವ ಆಸೆ. ಅಲ್ಲಿನ ನಿಯಮ ಕಟ್ಟುನಿಟ್ಟು: ಸೊಂಟದ ಕೀಲಿನ ಬಳಿ ತೊಡೆಯ ಮೇಲ್ಭಾಗವು ಮಂಡಿಯ ಮೇಲ್ಭಾಗಕ್ಕಿಂತ ಕೆಳಗೆ ಹೋಗಲೇಬೇಕು. 3 ತೀರ್ಪುಗಾರರಲ್ಲಿ ಕನಿಷ್ಠ 2 ಜನ ಸರಿ ಎಂದು ಬಿಳಿ ದೀಪ ಹಾಕಬೇಕು. ಸಿಗುವುದು 3 ಅವಕಾಶ. ಮೂರೂ ಹೋದರೆ ಒಟ್ಟು ಲೆಕ್ಕದಿಂದಲೇ ಹೊರಗೆ. 60 ಕೆ.ಜಿ.ಯನ್ನು ಅರ್ಧಕ್ಕೆ ಇಳಿಸಿ ಎತ್ತುವವಳಿಗೆ ಅಲ್ಲಿ ಸಿಗುವುದು ಸೊನ್ನೆ.

ನನಗೆ ಜಿಮ್ ಗೊತ್ತಿಲ್ಲ. ಕುಕ್ಕರಗಾಲು ಗೊತ್ತು. "ಎಲ್ಲಿ, ಬರಿಗಾಲಲ್ಲಿ ಕೂತು ತೋರಿಸು" ಎಂದೆ. ಚಪ್ಪಲಿ ಬಿಟ್ಟು ನನ್ನ ಕೋಣೆಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ಹಿಮ್ಮಡಿ ನೆಲಕ್ಕೆ ಅಂಟಿತ್ತು, ತೊಡೆ ಮೀನಖಂಡಕ್ಕೆ ತಾಗಿತ್ತು. ಹಾಗೆಯೇ ಕೂತು ಹತ್ತು ನಿಮಿಷ ಮಾತನಾಡಿದಳು. ಮನೆಯಲ್ಲಿ ಅವರೆಕಾಯಿ ಸುಲಿಯುವುದೂ ಹೀಗೆಯೇ ಅಂತೆ. ಆದರೂ ಒಬ್ಬ ಫಿಸಿಯೊಥೆರಪಿಸ್ಟ್ ಬಳಿ ಕಳುಹಿಸಿದೆ, ಏಕೆಂದರೆ ದೇಹದ ತೊಂದರೆಯನ್ನು ಮನಸ್ಸಿನದೆಂದು ತಿಳಿದು ಮಾತಾಡುತ್ತಾ ಕೂರುವುದು ನಮ್ಮ ವೃತ್ತಿಯ ಹಳೆಯ ಕಾಯಿಲೆ. ಬಲಗಾಲಿನ ಕಣಕಾಲು ಸ್ವಲ್ಪ ಬಿಗಿ, ಉಳಿದದ್ದೆಲ್ಲ ಸರಿ ಎಂದು ಅವರು ಹೇಳಿ ಕಳುಹಿಸಿದರು. ಮೆತ್ತನೆಯ ಅಟ್ಟೆಯ ಓಟದ ಬೂಟು ಹಾಕಿ ಭಾರ ಎತ್ತಬೇಡ, ಅದರ ಮೇಲೆ ಪಾದ ಅಲುಗಾಡುತ್ತದೆ ಎಂದೂ ಹೇಳಿದ್ದರು. ಗಟ್ಟಿ ಅಟ್ಟೆಯ ಬೂಟು ಕೊಂಡಳು. ಅಂದರೆ ಕೀಲುಗಳಿಗೆ ದಾರಿ ಗೊತ್ತಿದೆ, ಬಾರ್ ಹೆಗಲೇರಿದಾಗ ಮಾತ್ರ ಮರೆಯುತ್ತವೆ.

ಇಲ್ಲಿ ನಾನು ಎಡವಿದೆ. ಆಕೆಗೆ ಒಂಬತ್ತು ವರ್ಷವಾಗಿದ್ದಾಗ ತಂದೆ ಮೂಟೆಯ ಕೆಳಗೆ ಬಿದ್ದು ಬೆನ್ನು ನೋಯಿಸಿಕೊಂಡು ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದರಂತೆ. ಸಲಹೆಗಾರರಿಗೆ ಇಂಥ ಕಥೆ ಸಿಕ್ಕರೆ ಹಬ್ಬ. ಭಾರ, ಬೀಳುವುದು, ಅಪ್ಪ: ಎಲ್ಲವೂ ಜೋಡಿಸಿಟ್ಟ ಹಾಗಿತ್ತು. ಎರಡು ಭೇಟಿಗಳನ್ನು ಅದರಲ್ಲೇ ಕಳೆದೆ. ಮೂರನೆಯ ಭೇಟಿಯಲ್ಲಿ ಆಕೆಯೇ ತಡೆದಳು. "ಅಪ್ಪ ಬಿದ್ದದ್ದು ಚೆನ್ನಾಗಿ ನೆನಪಿದೆ ಮೇಡಂ. ಆದರೆ ಬಾರ್ ಹೊತ್ತು ಇಳಿಯುವಾಗ ನನಗೆ ಅಪ್ಪ ನೆನಪಾಗುವುದಿಲ್ಲ. ಆ ನೀಲಿ ಟೀ ಶರ್ಟಿನವನು ನೆನಪಾಗುತ್ತಾನೆ."

ನೀಲಿ ಟೀ ಶರ್ಟಿನವನ ಸಂಗತಿ ಹೊರಬಂದದ್ದು ಆಗ. ಎಂಟು ತಿಂಗಳ ಹಿಂದೆ, ಸಂಜೆ ಏಳರ ಗದ್ದಲದಲ್ಲಿ, 65 ಕೆ.ಜಿ. ಹಾಕಿಕೊಂಡು ಇಳಿದವಳಿಗೆ ಮೇಲೆ ಬರಲಾಗಲಿಲ್ಲ. ಕೋಚ್ ಫೋನಿನಲ್ಲಿ ಮಾತಾಡುತ್ತಾ ಹೊರಗಿದ್ದರು. ಇಬ್ಬರು ಓಡಿಬಂದು ಎರಡೂ ಬದಿಯಿಂದ ಬಾರ್ ಹಿಡಿದರು. ಮೂರನೆಯವನು, ನೀಲಿ ಟೀ ಶರ್ಟಿನವನು, ಹಿಂದಿನಿಂದ ಬಂದು ಆಕೆಯ ಕಂಕುಳಿಗೆ ಕೈಹಾಕಿ ಎತ್ತಿದ. ಸಹಾಯಕ್ಕೇ ಬಂದವನು, ಕೆಟ್ಟ ಉದ್ದೇಶ ಇರಲಿಲ್ಲ ಎಂದು ಆಕೆಯೇ ಹೇಳುತ್ತಾಳೆ. ಆದರೆ ಅಷ್ಟು ಜನರ ನಡುವೆ, ತಾನು ಕೇಳದೆಯೇ, ಮಗುವನ್ನು ಎತ್ತಿದ ಹಾಗೆ. ಯಾರೋ ಮೊಬೈಲಿನಲ್ಲಿ ಚಿತ್ರೀಕರಿಸಿದ್ದರು. ರಾತ್ರಿ ಅದು ಜಿಮ್‌ನ ವಾಟ್ಸ್‌ಆ್ಯಪ್ ಗುಂಪಿನಲ್ಲಿತ್ತು, ಕೆಳಗೆ ನಗುವ ಮುಖಗಳು. ಮರುದಿನ ಆಕೆ ಎಂದಿನಂತೆ ಹೋದಳು, ಎಂದಿನಂತೆ ನಕ್ಕಳು. ಅಂದಿನಿಂದ ಪೂರ್ತಿ ಇಳಿದಿಲ್ಲ.

ಭಯದ ಕೆಲಸದಲ್ಲಿ ನಾನು ಅಂಕಿ ಕೊಡಿಸುತ್ತೇನೆ. ಜೋಸೆಫ್ ವೋಲ್ಪೆ ಎಂಬ ಮನೋವೈದ್ಯರು ರೂಢಿಗೆ ತಂದ ಕ್ರಮ ಇದು: ಏನೂ ಕಳವಳವಿಲ್ಲದಿದ್ದರೆ 0, ತಡೆಯಲಾರದಷ್ಟಿದ್ದರೆ 100. ಹತ್ತು ಸನ್ನಿವೇಶಗಳನ್ನು ಚೀಟಿಯಲ್ಲಿ ಬರೆದು ಕೊಟ್ಟು ಅಂಕಿ ಹಾಕು ಎಂದೆ. ಯಾರೂ ಇಲ್ಲದಾಗ 50 ಕೆ.ಜಿ. ಹೊತ್ತು ಪೂರ್ತಿ ಇಳಿಯುವುದಕ್ಕೆ 40 ಹಾಕಿದಳು. ಜನರಿರುವಾಗ ಬರೀ ಬಾರ್, ಅಂದರೆ 20 ಕೆ.ಜಿ., ಸದ್ದಾಗುವಂತೆ ಕೆಳಗೆ ಬಿಡುವುದಕ್ಕೆ 75. ಚೀಟಿಯನ್ನು ಆಕೆಯ ಕಡೆಗೇ ತಿರುಗಿಸಿ ಇಟ್ಟೆ. ಸ್ವಲ್ಪ ಹೊತ್ತು ನೋಡಿ, "ಹಾಗಾದರೆ ನನಗೆ ಭಾರದ ಭಯವಲ್ಲ" ಎಂದಳು. ಎರಡು ಭೇಟಿ ವ್ಯರ್ಥ ಮಾಡಿದ ನನಗೂ ಅಷ್ಟೇ ಹೊತ್ತಿಗೆ ಅದು ಗೊತ್ತಾದದ್ದು.

ಜಿಮ್ ನೋಡಬೇಕೆನಿಸಿತು. ಆಕೆಯ ಒಪ್ಪಿಗೆ ಪಡೆದು ಒಂದು ಮಧ್ಯಾಹ್ನ, ಒಳಗೆ ಜನವಿಲ್ಲದ ಹೊತ್ತು ನೋಡಿ, ಪರಿಚಯದ ಅಕ್ಕನಾಗಿ ಆಕೆಯ ಜೊತೆ ಹೋದೆ. ಸ್ಕ್ವಾಟ್ ಮಾಡುವ ರ‍್ಯಾಕ್‌ಗೆ ಎರಡೂ ಬದಿಯಲ್ಲಿ ಸಿಕ್ಕಿಸುವ ಕಬ್ಬಿಣದ ಅಡ್ಡತೋಳುಗಳಿರುತ್ತವೆ, ಜಿಮ್‌ನವರ ಬಾಯಲ್ಲಿ ಅವು 'ಸೇಫ್ಟಿ'. ಎತ್ತಲಾಗದಿದ್ದರೆ ಬಾರ್ ಅವುಗಳ ಮೇಲೆ ಕೂರುತ್ತದೆ, ಮನುಷ್ಯ ಕೆಳಗಿನಿಂದ ನುಸುಳಿ ಬರಬಹುದು. ಎಲ್ಲಿವೆ ಎಂದು ಕೇಳಿದೆ. ಕೋಚ್ ಸುತ್ತಮುತ್ತ ನೋಡಿದರು. ಮೂಲೆಯಲ್ಲಿ ಎರಡು ಕುರ್ಚಿಗಳ ನಡುವೆ ಅವನ್ನು ಅಡ್ಡ ಇಟ್ಟು ಒದ್ದೆ ಟವೆಲ್‌ಗಳನ್ನು ಒಣಹಾಕಿದ್ದರು.

ಕೋಚ್ ಒಳ್ಳೆಯ ಮನುಷ್ಯ, ಕೆಲಸ ಬಲ್ಲವರು. ಅಂದು ಅವರು ಹೇಳಿದ ಒಂದು ಮಾತು ನನ್ನ ಎಲ್ಲ ಮಾತಿಗಿಂತ ಹೆಚ್ಚು ಉಪಯೋಗವಾಯಿತು. ಸ್ಕ್ವಾಟ್‌ನಲ್ಲಿ ಅತಿ ಕಷ್ಟದ ಜಾಗ ತಳವಲ್ಲ, ಮೇಲೇಳುವಾಗ ತಳದಿಂದ ಸ್ವಲ್ಪ ಮೇಲೆ, ತೊಡೆ ನೆಲಕ್ಕೆ ಸಮನಾಗಿರುವ ಮಟ್ಟವನ್ನು ದಾಟಿದ ಮೇಲೆ ಸಿಗುತ್ತದೆ. "ನೀನು ಹೆದರಿ ನಿಲ್ಲುತ್ತಿರುವುದೇ ಹೆಚ್ಚುಕಡಿಮೆ ಅಲ್ಲಿ. ಮೂಟೆ ಹೊತ್ತು ಮೆಟ್ಟಿಲ ನಡುವೆ ನಿಂತ ಹಾಗೆ" ಎಂದು ಆಕೆಗೆ ಹೇಳಿದರು. ಹಮಾಲಿಯ ಮಗಳಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ನಾನು ಕೊಟ್ಟ ಸಲಹೆ ಕೋಚ್‌ಗೆ ಮೊದಲು ವಿಚಿತ್ರವೆನಿಸಿತು. ಎರಡು ವಾರ ಎತ್ತುವುದನ್ನು ಕಲಿಸಬೇಡಿ, ಬಿಡುವುದನ್ನು ಕಲಿಸಿ ಎಂದೆ. ಬರೀ ಬಾರ್ ಹೊತ್ತು ತಳದವರೆಗೆ ಇಳಿದಾಗ ಬಾರ್ ಎಲ್ಲಿರುತ್ತದೆಂದು ಅಳೆದು, ಅದಕ್ಕಿಂತ ಎರಡು ಮೂರು ಸೆಂ.ಮೀ. ಕೆಳಗೆ ಅಡ್ಡತೋಳು ಸಿಕ್ಕಿಸಿದರು. ಇನ್ನೂ ಕೆಳಗಿಟ್ಟರೆ ಸಿಕ್ಕಿಹಾಕಿಕೊಳ್ಳುತ್ತಾಳೆ, ಮೇಲಿಟ್ಟರೆ ಪ್ರತಿ ಸಲವೂ ಬಾರ್ ತಾಗಿ ಲಯ ಕೆಡುತ್ತದೆ. ಮೊದಲ ಸಲ ಬಾರನ್ನು ಅದರ ಮೇಲೆ ಕೂರಿಸಿದಾಗ ಠಣ್ ಎಂದು ಸದ್ದಾಯಿತು. ಆಕೆ ನೋಡಿದ್ದು ಬಾರನ್ನಲ್ಲ, ಬಾಗಿಲನ್ನು. ಮಂಡಿಯೂರಿ ನುಸುಳಿ ಬರುವಾಗ ಕೂದಲಿನ ಕ್ಲಿಪ್ಪು ಜಾರಿ ಬಿತ್ತು, ಎತ್ತಿಕೊಂಡು ಮತ್ತೆ ಹೊಕ್ಕಳು. ಅಂದು ಹನ್ನೊಂದು ಸಲ. ಭಯದ ಅಂಕಿ 60ರಿಂದ ಶುರುವಾಗಿ, ನಡುವೆ ಒಮ್ಮೆ 65ಕ್ಕೂ ಏರಿ, ಕೊನೆಗೆ 25ಕ್ಕೆ ಬಂತು. ಭಯ ಸೋಪಾನದ ಹಾಗೆ ಒಂದೊಂದೇ ಮೆಟ್ಟಿಲು ಇಳಿಯುತ್ತದೆಂದು ನಾವು ಚಿತ್ರ ಬರೆದು ತೋರಿಸುತ್ತೇವೆ, ಅದು ಇಳಿಯುವುದು ಮಾತ್ರ ಹೀಗೆ.

ಮುಂದಿನ ವಾರ 30, 40 ಕೆ.ಜಿ. ಹಾಕಿಕೊಂಡು ಬೇಕೆಂದೇ ಸೋಲುವುದು. ಆಮೇಲೆ ಅದನ್ನೇ ಸಂಜೆ ಏಳಕ್ಕೆ. ಆ ಸಂಜೆ ಮೊದಲ ಸದ್ದಿಗೆ ನಾಲ್ಕು ಜನ ತಿರುಗಿದರು, ಎರಡನೆಯದಕ್ಕೆ ಒಬ್ಬ, ಮೂರನೆಯದಕ್ಕೆ ಯಾರೂ ಇಲ್ಲ. ಇದನ್ನು ಆಕೆ ಎಣಿಸಿ ಬಂದು ಹೇಳಿದ್ದು. ನಡುವೆ ಯಾರೂ ತನ್ನನ್ನು ಮುಟ್ಟಬಾರದು, ಬೇಕಾದರೆ ತಾನೇ ಕೂಗುತ್ತೇನೆ ಎಂದು ಹೇಳಲೂ ಕಲಿತಳು. ಆ ವಾಕ್ಯವನ್ನು ನನ್ನ ಕೋಣೆಯಲ್ಲಿ ಜೋರಾಗಿ ಹೇಳಿಸಿದ್ದೆ, ಮೊದಮೊದಲು ಪಿಸುಮಾತಿನಲ್ಲೇ ಬರುತ್ತಿತ್ತು. ಗುಂಪಿನಲ್ಲಿದ್ದವರಿಗೆ ಆ ಹಳೆಯ ವಿಡಿಯೊ ಅಳಿಸಲು ಹೇಳುವಂತೆ ಕೋಚ್‌ಗೆ ತಾನೇ ಬರೆದಳು. ಹೇಳಿದರು. ಯಾರ ಮೊಬೈಲಿನಲ್ಲಿ ಇನ್ನೂ ಉಳಿದಿದೆಯೋ ಗೊತ್ತಿಲ್ಲ, ಆ ಬೇಸರಕ್ಕೆ ನನ್ನ ಬಳಿ ಮದ್ದಿಲ್ಲ ಎಂದು ಹೇಳಿದ್ದೇನೆ.

ಉಸಿರಿನದೊಂದು ಸಣ್ಣ ಗಂಟಿತ್ತು. ಹೆದರಿದವಳು ಅರ್ಧ ಇಳಿದಾಗಲೇ ಉಸಿರು ಬಿಟ್ಟುಬಿಡುತ್ತಿದ್ದಳು. ಹೊಟ್ಟೆ ಸಡಿಲವಾಗಿ ಬೆನ್ನಿಗೆ ಆಸರೆ ತಪ್ಪುತ್ತಿತ್ತು, ತಳ ಇನ್ನೂ ಭಯಂಕರವಾಗುತ್ತಿತ್ತು. ಮೇಲೆ ನಿಂತಾಗಲೇ ಹೊಟ್ಟೆ ತುಂಬ ಉಸಿರೆಳೆದು, ಬಿಗಿಹಿಡಿದು ಇಳಿದು, ಕಷ್ಟದ ಜಾಗ ದಾಟಿದ ಮೇಲೆ ಬಿಡುವುದನ್ನು ಕೋಚ್ ರೂಢಿ ಮಾಡಿಸಿದರು. ರಕ್ತದೊತ್ತಡ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಹಾಗೆಯೇ ಕನ್ನಡಿ ನೋಡುತ್ತಾ ಇಳಿಯಬೇಡ ಎಂದೆವು. ಆಳ ತಿಳಿಯಬೇಕಾದರೆ ಮೊಬೈಲನ್ನು ಪಕ್ಕದಲ್ಲಿ, ಸುಮಾರು ಮಂಡಿಯ ಎತ್ತರಕ್ಕೆ ಇಟ್ಟು ಆಮೇಲೆ ನೋಡಿಕೊಳ್ಳುವುದು. ಈ ಸಲ ಚಿತ್ರೀಕರಿಸುವವಳು ಅವಳೇ, ಅಳಿಸುವವಳೂ ಅವಳೇ. ಮಂಡಿ ಕಾಲ್ಬೆರಳನ್ನು ದಾಟಿದರೆ ಕೆಟ್ಟುಹೋಗುತ್ತದೆ ಎಂದು ಯಾರೋ ಹೆದರಿಸಿದ್ದರು. ಆರೋಗ್ಯವಂತ ಮಂಡಿಗೆ ಅಂಥ ಗೆರೆಯಿಲ್ಲ. ಅದೇ ನಿಜವಾಗಿದ್ದರೆ ಗರಡಿಯಲ್ಲಿ ಬಸ್ಕಿ ಹೊಡೆದ ನಮ್ಮ ತಾತಂದಿರಲ್ಲಿ ಒಬ್ಬರೂ ನಡೆಯುತ್ತಿರಲಿಲ್ಲ.

ಅಪ್ಪನನ್ನು ಅನುಮಾನಿಸಿದ ನನಗೆ ಅಪ್ಪನಿಂದಲೇ ಪಾಠವಾಯಿತು. ಬೇಕೆಂದೇ ಬಾರ್ ಬಿಡುವ ಅಭ್ಯಾಸದ ಬಗ್ಗೆ ಮಗಳು ಮನೆಯಲ್ಲಿ ಹೇಳಿದಾಗ ಅವರು ನಗಲಿಲ್ಲವಂತೆ. "ನಮಗೂ ಮೊದಲು ಕಲಿಸುತ್ತಿದ್ದದ್ದು ಅದನ್ನೇ. ಕಾಲು ಜಾರಿದರೆ ಮೂಟೆಯ ಜೊತೆ ಗುದ್ದಾಡಬೇಡ, ಕತ್ತು ತಪ್ಪಿಸಿ ಬಿಟ್ಟುಬಿಡು ಎನ್ನುತ್ತಿದ್ದರು. ನಾನು ಬಿದ್ದ ದಿನ ಸಕ್ಕರೆ ಮೂಟೆ, ಒಡೆದರೆ ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆಂದು ಬಿಡಲಿಲ್ಲ" ಎಂದು 25 ಕೆ.ಜಿ. ಅಕ್ಕಿ ಚೀಲವನ್ನು ಹೆಗಲಿಗೇರಿಸಿ, ಒಂದು ಹೆಜ್ಜೆ ಮುಂದಿಟ್ಟು ಹಿಂದಕ್ಕೆ ಜಾರಿಸಿ ತೋರಿಸಿದರು. ಚೀಲದ ಬಾಯಿ ಬಿಚ್ಚಿ ಅಕ್ಕಿ ಚೆಲ್ಲಿ ತಾಯಿಯಿಂದ ಇಬ್ಬರೂ ಬೈಸಿಕೊಂಡರು. (ಬಾರನ್ನು ಚೀಲದಂತೆ ಹಿಂದಕ್ಕೆ ಎಸೆಯುವುದು ಕಬ್ಬಿಣದ ಪ್ಲೇಟುಗಳಿರುವ ಜಿಮ್‌ನಲ್ಲಿ ಬೇಡ, ಅಡ್ಡತೋಳಿನ ಮೇಲೆ ಕೂರಿಸುವುದೇ ಸರಿ.) ಹದಿನೆಂಟು ವರ್ಷದಲ್ಲಿ ಆ ಸಕ್ಕರೆ ಮೂಟೆಯ ವಿಷಯ ಆ ಮನೆಯಲ್ಲಿ ಬಂದದ್ದು ಅದೇ ಮೊದಲಂತೆ. ನಾನು ಎರಡು ಭೇಟಿಗಳಲ್ಲಿ ಅಗೆದರೂ ಸಿಕ್ಕಿರಲಿಲ್ಲ.

ಇದೇ ತೊಂದರೆ ಇರುವ ಬೇರೆಯವರು ಕೇಳಿದರೆ ನಾನು ಮೊದಲು ಕೇಳುವುದು, ನೋವಿದೆಯೇ ಎಂದು. ಇದ್ದರೆ ನನ್ನ ಬಳಿ ಬರುವ ಮೊದಲು ವೈದ್ಯರ ಬಳಿ ಹೋಗಬೇಕು. ನೋವಿಲ್ಲದೆ, ಭಾರವಿಲ್ಲದಾಗ ಇಳಿಯುವ ದೇಹ ಭಾರವಿದ್ದಾಗ ಮಾತ್ರ ನಿಂತರೆ, "ಧೈರ್ಯ ತಂದುಕೊ" ಎಂದು ಯಾರೂ ಹೇಳಬೇಡಿ. ಧೈರ್ಯ ಹೇಳಿಸಿಕೊಂಡು ಬರುವುದು ಅಪರೂಪ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಬರೆದಿದ್ದಾರೆ: ತನ್ನಿಂದಾಗುತ್ತದೆ ಎಂಬ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿಯಾದ ಮೂಲ ಸ್ವತಃ ಮಾಡಿ ಗೆದ್ದ ಅನುಭವ, ಇನ್ನೊಬ್ಬರ ಪ್ರೋತ್ಸಾಹದ ಮಾತು ಅದರಷ್ಟು ಬಾಳುವುದಿಲ್ಲ. ಹಾಗಾಗಿ ಭಾರ ಇಳಿಸಿ, ಆಳ ಹೆಚ್ಚಿಸಿ. ಈಕೆ 60ರಿಂದ 35 ಕೆ.ಜಿ.ಗೆ ಇಳಿದಳು. ತಳದಲ್ಲಿ ಎರಡು ಎಣಿಸುವವರೆಗೆ ನಿಂತು ಏಳುವುದನ್ನು ವಾರಕ್ಕೆರಡು ದಿನ ಮಾಡಿದಳು. ಭಾರ ಇಳಿಸುವುದು ಆಕೆಗೆ ಬಾರ್ ಬೀಳಿಸುವುದಕ್ಕಿಂತ ಹೆಚ್ಚು ಅವಮಾನವೆನಿಸಿತು, ಒಂದು ವಾರ ಜಿಮ್‌ಗೇ ಹೋಗಲಿಲ್ಲ. ನಾನು ಫೋನ್ ಮಾಡಲಿಲ್ಲ. ತಾನಾಗಿ ಹೋದಳು.

ಏಳನೆಯ ಭೇಟಿ ಕೊನೆಯದು. ಮೂರು ತಿಂಗಳ ಹೊತ್ತಿಗೆ 52.5 ಕೆ.ಜಿ. ಪೂರ್ತಿ ಆಳಕ್ಕೆ ಹೋಗಿ ಬರುತ್ತಿತ್ತು. ಹಳೆಯ 60 ಇನ್ನೂ ಬಂದಿಲ್ಲ, ಸ್ಪರ್ಧೆಗೆ ಹೆಸರನ್ನೂ ಕೊಟ್ಟಿಲ್ಲ. ನೀಲಿ ಟೀ ಶರ್ಟಿನವನು ಒಂದು ದಿನ ಪಕ್ಕ ನಿಂತು "ಹಿಡಿಯಲಾ?" ಎಂದು ಕೇಳಿದನಂತೆ. "ಬೇಡ, ಸೇಫ್ಟಿ ಇದೆ" ಎಂದಳಂತೆ. ಟವೆಲ್ ಒಣಹಾಕುವುದಕ್ಕೆ ಕೋಚ್ ಈಗ ಕಿಟಕಿಗೆ ಹಗ್ಗ ಕಟ್ಟಿದ್ದಾರೆ.