ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕುಟುಂಬಗಳು ಇಲ್ಲಿಗೆ ಹೇಗೆ ಒಗ್ಗಿಕೊಂಡವು?

ಬಾಸೆಲ್ ಮಿಷನ್ ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನರಿ ಸಂಸ್ಥೆ. ಅದರ ಕಡೆಯಿಂದ ಜರ್ಮನಿ, ಸ್ವಿಟ್ಜರ್ಲೆಂಡ್‌ನಿಂದ ಬಂದ ಸಂಸಾರಗಳು ನಮ್ಮ ಕರಾವಳಿಯ ಮಳೆ, ಸೆಕೆ, ಊಟ, ಭಾಷೆಗೆ ಹೇಗೆ ಹೊಂದಿಕೊಂಡವು ಅಂತ ಕೇಳಿದ್ದೀರಿ. ದೊಡ್ಡ ಬಂಗಲೆ, ಕೈಗೊಬ್ಬ ಆಳು ಇದ್ದಿರಬೇಕು, ಕಷ್ಟವೇನಿತ್ತು ಅಂತಲೂ ಸೇರಿಸಿದ್ದೀರಿ. ನಾನು ಮಂಗಳೂರಿನವನು, ಬಲ್ಮಠದ ಗುಡ್ಡದ ಹತ್ತಿರ ಬೆಳೆದವನು. ಈ ಜನರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬಂಗಲೆ ಇತ್ತು, ಆಳುಗಳೂ ಇದ್ದರು, ನಿಜ. ಬಲ್ಮಠದಲ್ಲಿ ಮಿಷನ್‌ಗೆ ಜಾಗ ಕೊಟ್ಟಿದ್ದೇ ಕಲೆಕ್ಟರ್ ಆಗಿದ್ದ ಬ್ಲೇರ್. ಆದರೆ ಮಳೆ, ಸೆಕೆಗಿಂತ ಆ ಸಂಸಾರಗಳನ್ನು ಜಾಸ್ತಿ ಹಿಂಡಿದ್ದು ಬಾಸೆಲ್‌ನಲ್ಲಿ ಕೂತು ಮಿಷನ್ ನಡೆಸುತ್ತಿದ್ದ ಕಮಿಟಿ ಮಾಡಿದ ನಿಯಮಗಳು. ಅದರ ಭಾರ ಬಿದ್ದಿದ್ದು ಹೆಂಗಸರ ಮೇಲೆ, ಮಕ್ಕಳ ಮೇಲೆ.

ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, 1834ರ ಅಕ್ಟೋಬರ್‌ನಲ್ಲಿ ಕಲ್ಲಿಕೋಟೆಗೆ ಬಂದಿಳಿದು, ತಿಂಗಳ ಕೊನೆಗೆ ಮಂಗಳೂರು ಮುಟ್ಟಿದರು. ಹಿಂದಿನ ವರ್ಷವಷ್ಟೇ ಬ್ರಿಟಿಷ್ ಕಾನೂನು ಬದಲಾಗಿ, ಬ್ರಿಟಿಷರಲ್ಲದ ಮಿಷನರಿಗಳಿಗೂ ಇಲ್ಲಿಗೆ ಬರುವ ದಾರಿ ತೆರೆದಿತ್ತು. ಹೀಗೆ ಬರುವ ಗಂಡಸರು ಸಾಮಾನ್ಯವಾಗಿ ಮದುವೆಯಾಗದೇ ಬರಬೇಕಿತ್ತು. ಎರಡು ವರ್ಷವಾದರೂ ಕೆಲಸ ಮಾಡಬೇಕು, ಭಾಷೆ ಕಲಿಯಬೇಕು, ಆಮೇಲೆ ಮದುವೆಗೆ ಕಮಿಟಿಯ ಅಪ್ಪಣೆ ಕೇಳಬೇಕು. ಹುಡುಗಿ ಯಾರು ಅಂತ ಒಪ್ಪುವುದೂ ಕಮಿಟಿಯೇ. ಎಷ್ಟೋ ಸಲ ಹುಡುಗಿಯನ್ನು ಹುಡುಕಿಕೊಟ್ಟಿದ್ದೂ ಅವರೇ. ಅವಳು ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬಂದು, ಹೆಚ್ಚೆಂದರೆ ಪತ್ರದಲ್ಲಿ ಮಾತ್ರ ಗೊತ್ತಿದ್ದ ಗಂಡಸನ್ನು ಮದುವೆಯಾಗುತ್ತಿದ್ದಳು. ನಮ್ಮಲ್ಲೂ ಆಗ ಹಿರಿಯರೇ ಹುಡುಗಿ ನೋಡುತ್ತಿದ್ದರು ಅಂತ ನೀವು ಹೇಳಬಹುದು. ಆದರೆ ನಮ್ಮ ಹುಡುಗಿಗೆ ತವರು ಅಂತ ಒಂದಿರುತ್ತಿತ್ತು. ಬೇಜಾರಾದರೆ, ಬಸುರಿಯಾದರೆ ಹೋಗಿ ಬರಬಹುದಿತ್ತು. ಇವಳ ತವರು ಸಮುದ್ರದಾಚೆ.

ಪೌಲೀನಾ ಬಾಕ್‌ಮೈಸ್ಟರ್ ಅನ್ನುವವರ ಬದುಕು ನೋಡಿ. 1840ರ ದಶಕದಲ್ಲಿ ಗಾಟ್‌ಫ್ರೀಡ್ ವೈಗ್ಲೆಯನ್ನು ಮದುವೆಯಾಗಲು ಬಂದರು. ಕನ್ನಡ ಬೈಬಲ್ ಅನುವಾದದಲ್ಲಿ ದುಡಿದ ವೈಗ್ಲೆ 1855ರಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು. ಮಕ್ಕಳನ್ನು ಕಟ್ಟಿಕೊಂಡು ಪರದೇಶದಲ್ಲಿ ಉಳಿದ ಪೌಲೀನಾರನ್ನು 1857ರಲ್ಲಿ ಮದುವೆಯಾದವರು ವೈಗ್ಲೆಯ ಸಂಬಂಧಿ ಹರ್ಮನ್ ಮೊಗ್ಲಿಂಗ್. ಹೌದು, 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ ಮೊಗ್ಲಿಂಗ್ ಅವರೇ. 1860ರಲ್ಲಿ ಪೌಲೀನಾರ ಆರೋಗ್ಯ ಕೆಟ್ಟಿತು, ಇಬ್ಬರೂ ಊರಿಗೆ ಹೊರಟರು. ಕನ್ನಡಕ್ಕೆ ಅಷ್ಟು ದುಡಿದ ಮನುಷ್ಯ ಯಾಕೆ ವಾಪಸು ಹೋದರು ಅಂತ ಕೇಳುವವರು ಈ ಹೆಂಗಸಿನ ಹೆಸರನ್ನೂ ತಿಳಿದಿರಬೇಕು ಅಂತ ನನ್ನ ಆಸೆ.

ಕಿಟೆಲ್ ಅಂದರೆ ನಮಗೆ 1894ರ ನಿಘಂಟು. ಅವರ ಮನೆಯ ಸುದ್ದಿ ಯಾರೂ ಎತ್ತುವುದಿಲ್ಲ. 1860ರಲ್ಲಿ ಪೌಲೀನಾ ಐಟ್ ಜೊತೆ ಮದುವೆಯಾಯಿತು, 1864ರಲ್ಲಿ ಅವರು ತೀರಿಹೋದರು. 1867ರಲ್ಲಿ ಕಿಟೆಲ್ ಮದುವೆಯಾಗಿದ್ದು ಅವರ ತಂಗಿ ಜೂಲಿಯನ್ನು. ಅಕ್ಕ ಸತ್ತ ದೇಶಕ್ಕೆ, ಅಕ್ಕನ ಗಂಡನ ಕೈ ಹಿಡಿದು ತಂಗಿ ಬಂದಳು. ನಿಘಂಟು ತೆಗೆದಾಗಲೆಲ್ಲ ನನಗೆ ಈ ಇಬ್ಬರು ಅಕ್ಕತಂಗಿಯರು ನೆನಪಾಗುತ್ತಾರೆ.

ದಿನನಿತ್ಯದ ಬದುಕಿಗೆ ಬರೋಣ. ಗಂಡ ಭಾಷೆ ಕಲಿಸುವ ಮುನ್ಶಿಯ ಎದುರು ಕೂತು ಕನ್ನಡವನ್ನೋ ತುಳುವನ್ನೋ ಕಲಿಯುತ್ತಿದ್ದ. ಹೆಂಡತಿಗೆ ಆ ಪುರುಸೊತ್ತು ಕಡಿಮೆ. ಅವಳ ಭಾಷೆ ಅಡುಗೆಯವನ ಹತ್ತಿರ, ಆಯಾ ಹತ್ತಿರ, ಹೊಲಿಗೆ ಕಲಿಯಲು ಬರುವ ಹುಡುಗಿಯರ ಹತ್ತಿರ ಬೆಳೆಯಬೇಕು. ಮನೆ ಅನ್ನುವುದು ಬರೀ ಮನೆಯಾಗಿ ಉಳಿಯುತ್ತಿರಲಿಲ್ಲ. ಜಗಲಿಯಲ್ಲಿ ಪಾಠ, ಒಳಗೆ ಪ್ರಾರ್ಥನೆ, ಬಾಗಿಲಲ್ಲಿ ಔಷಧಿ ಕೇಳುವವರು. ಧರ್ಮ ಬದಲಿಸಿದ್ದಕ್ಕೆ ಮನೆಯಿಂದ ಹೊರಬಿದ್ದವರು ಬಂದರೆ ಅವರಿಗೂ ಜಾಗ ಕೊಡಬೇಕು. ಅಂಥವರ ಹೊಟ್ಟೆಪಾಡಿಗೆ ಅಂತಲೇ ನೇಯ್ಗೆ, ಮುದ್ರಣ, ಕೊನೆಗೆ 1865ರಲ್ಲಿ ಜಪ್ಪುವಿನ ಹೆಂಚಿನ ಕಾರ್ಖಾನೆ ಶುರುವಾಗಿದ್ದು. ನಮ್ಮ ಹಳೇ ಮನೆಯ ಮಾಡಿನಿಂದ ಇಳಿಸಿದ ಹೆಂಚೊಂದು ನನ್ನ ಮೇಜಿನ ಮೇಲಿದೆ. ಒಂದು ಕಡೆ ಪಾಚಿ ಕಪ್ಪುಗಟ್ಟಿದೆ. ತಿರುಗಿಸಿದರೆ ಬಾಸೆಲ್ ಮಿಷನ್ ಹೆಸರು, ಆ 1865 ಅನ್ನುವ ಇಸವಿ ಉಬ್ಬಕ್ಷರದಲ್ಲಿ ಇನ್ನೂ ಕೈಗೆ ತಾಗುತ್ತದೆ. ನಮ್ಮ ಮಳೆಗೆ ತಕ್ಕ ಮಾಡು ಮಾಡಿಕೊಳ್ಳುವುದನ್ನಂತೂ ಅವರು ಚೆನ್ನಾಗಿಯೇ ಕಲಿತರು, ನಮಗೂ ಕಲಿಸಿದರು. ಜ್ವರ ಬಿಡದೇ ಇದ್ದವರು ನೀಲಗಿರಿಯ ಕೇತಿಗೆ ಹೋಗಿ ಸುಧಾರಿಸಿಕೊಳ್ಳುತ್ತಿದ್ದರು. ಅಲ್ಲಿ ಮಿಷನ್‌ಗೆ 1846ರಿಂದ ಜಾಗವಿತ್ತು.

ಇನ್ನು ಮಕ್ಕಳ ವಿಷಯ. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಶಾಲೆಯ ವಯಸ್ಸಿಗೆ ಬಂದ ಮಗುವನ್ನು ಯುರೋಪಿಗೆ ಕಳಿಸಬೇಕು ಅಂತ 1853ರಲ್ಲಿ ಕಮಿಟಿ ನಿಯಮವನ್ನೇ ಮಾಡಿತು. ಬಾಸೆಲ್‌ನಲ್ಲಿ ಅದಕ್ಕಾಗಿ ಮಕ್ಕಳ ಮನೆ ಕಟ್ಟಿದರು. ಇಲ್ಲಿನ ಹವೆ ಮಕ್ಕಳಿಗೆ ಆಗಿಬರಲ್ಲ, ಇಲ್ಲಿನ ರೀತಿನೀತಿ ಹತ್ತಿಬಿಡುತ್ತದೆ, ತಂದೆ ತಾಯಿಯ ಕೆಲಸಕ್ಕೆ ಅಡ್ಡಿ, ಇವು ಕಾರಣಗಳು. ಹವೆಯ ಭಯ ಸುಳ್ಳಲ್ಲ, ಆ ಕಾಲದಲ್ಲಿ ಎಳೆಮಕ್ಕಳು ಸಾಯುವುದು ಸಾಮಾನ್ಯವಾಗಿತ್ತು. ಆದರೂ ಆಯಾಳ ಸೊಂಟದ ಮೇಲೆ ಕೂತು ಇಲ್ಲಿನ ಮಾತು ಕಲಿತ ಮಗುವನ್ನು ಹಡಗು ಹತ್ತಿಸಿ, ಹತ್ತು ಹನ್ನೆರಡು ವರ್ಷ ಮುಖ ನೋಡದೇ ಇರುವುದು ಎಂಥ ಶಿಕ್ಷೆ, ಅಲ್ವಾ?

ನಿಯಮಕ್ಕೆ ಮೊದಲೇ ಹೀಗೆ ಅಗಲಿದ ಒಂದು ಮನೆ ತಲಶ್ಶೇರಿಯಲ್ಲಿತ್ತು. ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್ ಮತ್ತು ಜೂಲಿಯ ಮಗಳು ಮಾರಿ 1842ರಲ್ಲಿ ಹುಟ್ಟಿದ್ದು ಅಲ್ಲೇ. ಪುಟ್ಟ ಹುಡುಗಿಯಾಗಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆ ತಾಯಿ ಇಲ್ಲಿಗೆ ಮರಳಿದರು. ಅವಳು ತಿರುಗಿ ಬಂದಿದ್ದು 1857ರಲ್ಲಿ, ಬೆಳೆದ ಹುಡುಗಿಯಾಗಿ. ಹೆತ್ತವರನ್ನು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾದ ವಯಸ್ಸು. ಮುಂದೆ ಇದೇ ಮಾರಿಯ ಮಗನಾಗಿ ಹುಟ್ಟಿದವರು ಲೇಖಕ ಹರ್ಮನ್ ಹೆಸ್ಸೆ.

ಉಲ್ಟಾ ದಾರಿಯ ಸಂಸಾರವೂ ಒಂದಿದೆ. ಮಂಗಳೂರಿನ ಸಾರಸ್ವತ ಹುಡುಗ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತನಾದ. 1846ರಲ್ಲಿ ಮೊಗ್ಲಿಂಗ್ ಜೊತೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಮಿಷನರಿಯಾಗಿಯೇ ವಾಪಸು ಬಂದ. ಹೆಂಡತಿ ಅವನ ಜೊತೆ ಬಾಳಲು ಬರಲಿಲ್ಲ. 1860ರಲ್ಲಿ ಮಾರಿ ರೈನ್‌ಹಾರ್ಟ್ ಅನ್ನುವ ಜರ್ಮನ್ ಹುಡುಗಿ ಅವನನ್ನು ಮದುವೆಯಾದಳು. ಬ್ರಿಟಿಷರ ಕಾಲದಲ್ಲಿ ಒಬ್ಬ ಬಿಳಿ ಹೆಂಗಸು ಕರಿಯ ಗಂಡನ ಮನೆ ತುಂಬಿದಳು. ಇಲ್ಲಿ ನಿಜವಾಗಿ ನೆಲೆಯೂರಿದ ಮಿಷನರಿ ಹೆಂಡತಿ ಯಾರು ಅಂತ ಕೇಳಿದರೆ ನಾನು ಮೊದಲು ಹೇಳುವ ಹೆಸರು ಇವಳದ್ದು.

ನಿಮಗೆ ಇನ್ನೂ ಓದುವ ಮನಸ್ಸಿದ್ದರೆ ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಸಂಗ್ರಹಕ್ಕೆ ಒಮ್ಮೆ ಹೋಗಿ. ಬಾಸೆಲ್‌ನ ಸಂಗ್ರಹಾಲಯ ಹಳೇ ಫೋಟೋಗಳನ್ನು ಇಂಟರ್ನೆಟ್‌ನಲ್ಲೂ ಇಟ್ಟಿದೆ, ಸುಮ್ನೆ ನೋಡುತ್ತಾ ಕೂತರೂ ಹೊತ್ತು ಹೋಗಿದ್ದು ಗೊತ್ತಾಗುವುದಿಲ್ಲ. ವಾರ್ಷಿಕ ವರದಿಗಳಲ್ಲಿ ಶಾಲೆ ಎಷ್ಟು, ದೀಕ್ಷೆ ಎಷ್ಟು ಅನ್ನುವ ಲೆಕ್ಕವೇ ಜಾಸ್ತಿ. ಸಂಸಾರ ಹೇಗೆ ನಡೆಯಿತು ಅಂತ ತಿಳಿಯಲು ಹೆಂಗಸರು ಊರಿಗೆ ಬರೆದ ಪತ್ರಗಳನ್ನು ಮೊದಲು ಹುಡುಕಿ.