ಹುದುಗಿಸುವ ಪಾತ್ರೆಯ ವಾಸನೆ ಎಲ್ಲಿ ಅಡಗಿರುತ್ತದೆ?

ಪ್ರಶ್ನೆ: ನಾನು ಮನೆಯಲ್ಲೇ ಬಿಯರ್ ತಯಾರಿಸುತ್ತೇನೆ. ಅದನ್ನು ಹುದುಗಿಸಲು ನಲ್ಲಿಯಿರುವ 25 ಲೀಟರಿನ ಪ್ಲಾಸ್ಟಿಕ್ ಬಕೆಟ್ ಇಟ್ಟುಕೊಂಡಿದ್ದೇನೆ. ಪ್ರತಿ ಬಾರಿಯೂ ಪಾತ್ರೆ ತೊಳೆಯುವ ಪರಿಮಳದ ದ್ರವ ಹಾಕಿ, ನಾರಿನಿಂದ ಚೆನ್ನಾಗಿ ಉಜ್ಜಿ, ಒರೆಸಿ, ಮುಚ್ಚಳ ಹಾಕಿ ಎತ್ತಿಡುತ್ತೇನೆ. ಆದರೂ ಮುಂದಿನ ಬಾರಿ ಮುಚ್ಚಳ ತೆಗೆದರೆ ಹಳೆಯ ಹಾಪ್ಸ್ (ಬಿಯರಿಗೆ ಕಹಿ ಮತ್ತು ಘಮ ಕೊಡುವ ಹೂವು) ವಾಸನೆಯೂ ಅದರ ಜೊತೆಗೆ ಹುಳಿ ವಾಸನೆಯೂ ಮೂಗಿಗೆ ಬಡಿಯುತ್ತವೆ. ಇದನ್ನು ಹೋಗಲಾಡಿಸುವುದು ಹೇಗೆ? ಮುಂದಿನ ಬಿಯರಿಗೆ ಇದರಿಂದ ತೊಂದರೆಯಿದೆಯೇ?

ಉತ್ತರ: ನೀವು ಹೇಳುತ್ತಿರುವ ಎರಡು ವಾಸನೆಗಳ ಮೂಲ ಒಂದೇ ಅಲ್ಲ, ಆದ್ದರಿಂದ ಅವುಗಳಿಗೆ ಮದ್ದೂ ಒಂದೇ ಅಲ್ಲ. ಹಾಪ್ಸ್‌ನಲ್ಲಿರುವ ಎಣ್ಣೆಯ ಅಂಶ ಪ್ಲಾಸ್ಟಿಕ್‌ನ ಒಳಕ್ಕೆ ಇಂಗುತ್ತದೆ. ಅದು ಪಾತ್ರೆ ಕೊಳಕಾಗಿದೆ ಎಂಬುದರ ಗುರುತಲ್ಲ, ಎಷ್ಟು ತೊಳೆದರೂ ಸ್ವಲ್ಪ ಉಳಿದೇ ಉಳಿಯುತ್ತದೆ. ಹುಳಿ ವಾಸನೆಯ ಮಾತು ಬೇರೆ. ಎಲ್ಲೋ ಒಂದು ಸಂದಿಯಲ್ಲಿ ಗಸಿ ಉಳಿದಿದೆ, ಅದನ್ನೇ ಉಂಡು ಬ್ಯಾಕ್ಟೀರಿಯಾ ಬೆಳೆಯುತ್ತಿದೆ ಎಂದೇ ಅದನ್ನು ನಾವು ಓದಬೇಕು. ಆ ಜಾಗವನ್ನು ಹುಡುಕದೆ ಬರೀ ವಾಸನೆಯನ್ನು ಓಡಿಸಲು ಹೊರಟರೆ ಕೆಲಸ ಮುಗಿಯುವುದಿಲ್ಲ.

ಹುಡುಕಾಟವನ್ನು ನಲ್ಲಿಯಿಂದ ಆರಂಭಿಸಿ. ನನ್ನದೇ ಒಂದು ಬಕೆಟ್ ಮೂರು ಬಾರಿ ತೊಳೆದ ಮೇಲೂ ಹುಳಿ ವಾಸನೆ ಬಿಟ್ಟಿರಲಿಲ್ಲ. ಕೊನೆಗೆ ನಲ್ಲಿಯನ್ನು ಬಿಚ್ಚಿ, ತಿರುಗಿಸುವ ಒಳಭಾಗವನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಎಳೆದಾಗ, ಅದರ ಸುತ್ತ ಕಂದು ಬಣ್ಣದ ಲೋಳೆ ಉಗುರಿನಷ್ಟು ದಪ್ಪವಾಗಿ ಅಂಟಿಕೊಂಡಿತ್ತು. ಬಕೆಟಿನ ಒಳಗೋಡೆ ಮಾತ್ರ ಫಳಫಳ ಹೊಳೆಯುತ್ತಿತ್ತು! ನಲ್ಲಿಯ ಎರಡೂ ಬದಿಯ ರಬ್ಬರ್ ವಾಷರುಗಳು, ಮುಚ್ಚಳದ ಅಂಚಿನ ತೋಡಿನಲ್ಲಿ ಕೂರುವ ರಬ್ಬರ್ ಉಂಗುರ, ಏರ್‌ಲಾಕ್ (ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ಸಣ್ಣ ಸಾಧನ) ಸಿಕ್ಕಿಸುವ ತೂತಿನ ರಬ್ಬರ್ ಇವನ್ನೆಲ್ಲ ಪ್ರತಿ ಸಲವೂ ಬಿಚ್ಚಿಯೇ ತೊಳೆಯಬೇಕು. ರಬ್ಬರ್ ಪ್ಲಾಸ್ಟಿಕ್‌ಗಿಂತಲೂ ಬೇಗ ವಾಸನೆ ಹೀರುತ್ತದೆ. ಗಟ್ಟಿಯಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ತೊಳೆಯುವ ಶ್ರಮ ಬೇಡ, ಹೊಸದನ್ನು ಹಾಕಿ.

ಇನ್ನು ಬಕೆಟ್. ಮೊದಲು ನಾರನ್ನು ದೂರವಿಡಿ. ಒರಟಾದ ನಾರು ಪ್ಲಾಸ್ಟಿಕ್ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಎಳೆಯುತ್ತದೆ, ಆ ಗೀರುಗಳೊಳಗೆ ಕುಳಿತ ಸೂಕ್ಷ್ಮಜೀವಿಗಳನ್ನು ಯಾವ ಸ್ಯಾನಿಟೈಸರ್ ಕೂಡ ಸುಲಭವಾಗಿ ಮುಟ್ಟಲಾರದು. ಮೆತ್ತನೆಯ ಬಟ್ಟೆ ಅಥವಾ ಸ್ಪಂಜು ಸಾಕು. ಪರಿಮಳದ ದ್ರವವನ್ನೂ ಬಿಟ್ಟುಬಿಡಿ, ಏಕೆಂದರೆ ಆ ಪರಿಮಳವೇ ಪ್ಲಾಸ್ಟಿಕ್‌ಗೆ ಹಿಡಿದುಕೊಳ್ಳುತ್ತದೆ, ಸೋಪಿನ ಅಂಶ ಉಳಿದರೆ ಬಿಯರಿನ ನೊರೆಯೂ ನಿಲ್ಲುವುದಿಲ್ಲ.

ಉಜ್ಜುವುದಕ್ಕಿಂತ ನೆನೆಸುವುದು ಮೇಲು. ಹುದುಗುವಾಗ ನೊರೆ ಏರಿ ಇಳಿದ ಮಟ್ಟದಲ್ಲಿ ಯೀಸ್ಟ್, ಪ್ರೋಟೀನ್ ಮತ್ತು ಹಾಪ್ಸ್‌ನ ಅಂಟು ಸೇರಿ ಒಂದು ಕಂದು ಪಟ್ಟಿ ಒಣಗಿ ನಿಂತಿರುತ್ತದೆಯಲ್ಲ, ಅದನ್ನು ಕರಗಿಸುವುದು ಕ್ಷಾರದ ಕೆಲಸ. ಸೋಡಿಯಂ ಪರ್‌ಕಾರ್ಬೊನೇಟ್ ಎಂಬ ಬಿಳಿ ಪುಡಿ ಇದಕ್ಕೆ ಬಹಳ ಒಳ್ಳೆಯದು. ನೀರಿಗೆ ಬಿದ್ದೊಡನೆ ಅದು ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಒಡೆಯುತ್ತದೆ. ಸೋಡಾ ಜಿಡ್ಡನ್ನು ಬಿಡಿಸಿದರೆ, ಪೆರಾಕ್ಸೈಡ್ ವಾಸನೆ ಮತ್ತು ಕಲೆಯ ಮೇಲೆ ಕೆಲಸ ಮಾಡುತ್ತದೆ. ಕೈಗವಸು ಹಾಕಿಕೊಂಡು, ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಕಂದು ಪಟ್ಟಿಗಿಂತ ಮೇಲಿನವರೆಗೆ ತುಂಬಿ, ಪೊಟ್ಟಣದ ಮೇಲೆ ಹೇಳಿರುವ ಪ್ರಮಾಣದಲ್ಲಿ ಪುಡಿಯನ್ನು ಕರಗಿಸಿ ರಾತ್ರಿಯಿಡೀ ಬಿಡಿ. ಮುಚ್ಚಳವನ್ನು ಒತ್ತಿ ಮುಚ್ಚಬೇಡಿ, ಆಮ್ಲಜನಕ ಬಿಡುಗಡೆಯಾಗಿ ಒಳಗೆ ಒತ್ತಡ ಬೆಳೆಯುತ್ತದೆ. ಬೆಳಗ್ಗೆ ನೋಡಿದರೆ ಆ ಪಟ್ಟಿ ಚೂರುಚೂರಾಗಿ ಕಳಚಿ ತೇಲುತ್ತಿರುತ್ತದೆ, ಉಳಿದದ್ದು ಬಟ್ಟೆಯಲ್ಲಿ ಸವರಿದರೆ ಬರುತ್ತದೆ. ಮೂರು ನಾಲ್ಕು ಬಾರಿ ಶುದ್ಧ ನೀರಿನಲ್ಲಿ ಜಾಲಿಸಿ. ಗಡಸು ನೀರಾಗಿದ್ದರೆ ಬಿಳಿಯ ಪೊರೆಯೊಂದು ಉಳಿಯಬಹುದು, ಸಿಟ್ರಿಕ್ ಆಮ್ಲ ಬೆರೆಸಿದ ನೀರು ಅದನ್ನು ತೆಗೆಯುತ್ತದೆ.

ಇಷ್ಟಾದ ಮೇಲೂ ಉಳಿಯುವ ಹಾಪ್ಸ್ ವಾಸನೆಗೆ ಅಡುಗೆ ಸೋಡಾ ಕರಗಿಸಿದ ನೀರನ್ನು ಒಂದೆರಡು ದಿನ ನಿಲ್ಲಿಸಿ ನೋಡಿ. ಅನಂತರ ಬಕೆಟನ್ನು ಪೂರ್ತಿ ಒಣಗಿಸಿ, ಮುಚ್ಚಳ ತೆರೆದೇ ಗಾಳಿಯಾಡುವ ಜಾಗದಲ್ಲಿಡಿ. ತೇವ ಉಳಿದಿರುವಾಗ ಮುಚ್ಚಿಟ್ಟರೆ ಮುಗ್ಗಲು ಹಿಡಿಯುತ್ತದೆ, ನಿಮ್ಮ ತೊಂದರೆಯಲ್ಲಿ ಇದರ ಪಾಲೂ ಇದೆಯೆಂದು ನನ್ನ ಅನಿಸಿಕೆ.

ಮುಂದಿನ ಬಿಯರಿಗೆ ತೊಂದರೆಯಿದೆಯೇ ಎಂದು ಕೇಳಿದ್ದೀರಿ. ಅದಕ್ಕೆ ಉತ್ತರವನ್ನು ಬಕೆಟಿನಿಂದಲೇ ಪಡೆಯಬಹುದು. ಚೆನ್ನಾಗಿ ಜಾಲಿಸಿದ ಬಕೆಟಿಗೆ ಬಿಸಿ ಮಾಡಿದ ಕುಡಿಯುವ ನೀರನ್ನು ಒಂದೆರಡು ಲೀಟರ್ ಹಾಕಿ, ಮುಚ್ಚಿ, ಮರುದಿನ ಆ ನೀರನ್ನು ಲೋಟಕ್ಕೆ ತೆಗೆದು ಮೂಸಿ. ಬಕೆಟನ್ನಲ್ಲ, ನೀರನ್ನು ಮೂಸಬೇಕು. ನೀರಿಗೆ ವಾಸನೆ ಇಳಿದಿಲ್ಲವಾದರೆ ಬಿಯರಿಗೂ ಇಳಿಯುವ ಭಯ ಕಡಿಮೆ. ತುಸು ಹಾಪ್ಸ್ ವಾಸನೆ ಬಂದರೆ ಆ ಬಕೆಟನ್ನು ಹಾಪ್ಸ್ ಹೆಚ್ಚು ಹಾಕುವ ಬಿಯರಿಗೇ ಮೀಸಲಿಡಿ. ಹುಳಿ ವಾಸನೆ ಬಂದರೆ ಇಡೀ ಕೆಲಸವನ್ನು ಇನ್ನೊಮ್ಮೆ ಮಾಡಿ, ಆಗಲೂ ಹೋಗದಿದ್ದರೆ ಆ ಬಕೆಟನ್ನು ಹುದುಗಿಸಲು ಬಳಸಬೇಡಿ. ಒಂದು ಬಕೆಟ್ ಉಳಿಸಲು ಹೋಗಿ ವಾರಗಟ್ಟಲೆ ಕಾದ ಬಿಯರನ್ನು ಚೆಲ್ಲುವುದು ಮನಸ್ಸಿಗೆ ಬಹಳ ನೋವಿನ ಕೆಲಸ.

ಪ್ರಶ್ನೆ: ಹುದುಗುತ್ತಿರುವಾಗ ಏರ್‌ಲಾಕ್‌ನಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ. ಪಾತ್ರೆಯನ್ನು ಸರಿಯಾಗಿ ತೊಳೆಯಲಿಲ್ಲವೇ?

ಉತ್ತರ: ಗಾಬರಿ ಬೇಡ. ಅದು ಹೈಡ್ರೋಜನ್ ಸಲ್ಫೈಡ್ ಅನಿಲ, ಯೀಸ್ಟೇ ಅದನ್ನು ಉಂಟುಮಾಡುತ್ತದೆ, ತಣ್ಣಗೆ ಹುದುಗಿಸುವ ಲಾಗರ್ ಬಿಯರಿನ ಯೀಸ್ಟ್‌ಗಳಲ್ಲಿ ಇದು ಹೆಚ್ಚು. ಹೊರಬರುವ ಇಂಗಾಲದ ಡೈಆಕ್ಸೈಡಿನ ಜೊತೆಗೆ ಬಹುಪಾಲು ತಾನಾಗಿಯೇ ಹೋಗುತ್ತದೆ.

ಪ್ರಶ್ನೆ: ಬಿಯರ್ ಹುದುಗಿಸುವ, ಕಿರಿದಾದ ಕತ್ತಿನ ದೊಡ್ಡ ಗಾಜಿನ ಜಾಡಿಯಾದ ಕಾರ್ಬಾಯ್‌ಗೆ ವಾಸನೆ ಹೋಗಲೆಂದು ಬ್ಲೀಚ್ ಮತ್ತು ವಿನೆಗರ್ ಬೆರೆಸಿ ಹಾಕಬಹುದೇ?

ಉತ್ತರ: ಖಂಡಿತ ಬೇಡ. ಬ್ಲೀಚ್‌ಗೆ ಆಮ್ಲ ತಗುಲಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶವನ್ನು ಸುಡುವ ವಿಷ. ಅಮೋನಿಯ ಇರುವ ಯಾವುದನ್ನೂ ಬ್ಲೀಚ್‌ಗೆ ಬೆರೆಸಬಾರದು. ಬ್ಲೀಚ್ ಒಂದನ್ನೇ ನೀರಿಗೆ ಹಾಕಿ ಬಳಸಿದರೂ, ಅದರ ಅಂಶ ಉಳಿದುಕೊಂಡರೆ ಬಿಯರಿನಲ್ಲಿರುವ ಫೀನಾಲ್‌ಗಳೊಡನೆ ಸೇರಿ ಔಷಧಿಯಂಥ ರುಚಿಯನ್ನು ಕೊಡುತ್ತದೆ, ಅದು ಎಷ್ಟು ದಿನ ಇಟ್ಟರೂ ಹೋಗುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಯಲ್ಲಿ ನಿಲ್ಲಿಸಿದರೆ ಲೋಹದ ಮೇಲೆ ಸಣ್ಣ ಗುಳಿಗಳು ಬೀಳುತ್ತವೆ.

ಗಾಜು ವಾಸನೆಯನ್ನು ಹೀರುವುದೇ ಇಲ್ಲ. ಆದ್ದರಿಂದ ಕಾರ್ಬಾಯ್ ನಾರುತ್ತಿದ್ದರೆ ಭುಜದ ತಿರುವಿನಲ್ಲೋ ಕತ್ತಿನಲ್ಲೋ ಕೊಳೆ ಉಳಿದಿದೆ ಎಂದೇ ಅರ್ಥ. ಮೇಲೆ ಹೇಳಿದ ಪರ್‌ಕಾರ್ಬೊನೇಟ್ ನೀರನ್ನು ಕತ್ತಿನವರೆಗೆ ತುಂಬಿ ನೆನೆಸಿ, ಬಾಗಿದ ಬ್ರಷ್ಷಿನಿಂದ ಆ ಜಾಗವನ್ನು ಸವರಿದರೆ ಸಾಕು. ತಣ್ಣಗಿನ ಗಾಜಿಗೆ ಬಿಸಿನೀರನ್ನು ಒಮ್ಮೆಲೇ ಸುರಿಯಬೇಡಿ, ಒಡೆಯುತ್ತದೆ. ಮೊದಲು ಉಗುರುಬೆಚ್ಚಗಿನ ನೀರು ಹಾಕಿ ಆಮೇಲೆ ಬಿಸಿಯನ್ನು ಏರಿಸಿ. ತುಂಬಿದ ಕಾರ್ಬಾಯನ್ನು ಒದ್ದೆ ಕೈಯಲ್ಲಿ ಕತ್ತು ಹಿಡಿದು ಎತ್ತುವುದೂ ಬೇಡ, ಅದನ್ನು ಖಾಲಿ ಮಾಡಿಯೇ ಜಾಗ ಬದಲಿಸಿ.